ದಿವಾ ಬಂತು, ಬಾಗಿಲು ಬಿಡಿ

ದಿವಾದವರು ಬೆಳಗಿನ ಮುಂಬೈ ಲೋಕಲ್‌ನಲ್ಲಿ ಕೂತುಕೊಂಡು ಹೋಗಬೇಕೆಂದರೆ ಮೊದಲು ಹಿಂದಕ್ಕೆ ಹೋಗಬೇಕು. ಠಾಣೆಯ ಕಡೆಯಿಂದ ಖಾಲಿಯಾಗಿ ಬರುವ ಗಾಡಿಯನ್ನು ದಿವಾದಲ್ಲಿ ಹತ್ತಿ, ಡೋಂಬಿವಲಿಯವರೆಗೆ ಹೋಗಿ, ಅಲ್ಲಿ ಇಳಿಯದೆ ಕೂತಲ್ಲೇ ಕೂತಿರಬೇಕು. ಅದೇ ಗಾಡಿ ಅಲ್ಲಿಂದ ಮರಳಿ ಠಾಣೆ, ದಾದರ್ ಕಡೆಗೆ ಹೊರಡುತ್ತದೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ದಿವಾಕ್ಕೆ ಬರುವಾಗ ಪ್ಲಾಟ್‌ಫಾರ್ಮಿನ ಮೇಲೆ ನಮ್ಮ ಗಲ್ಲಿಯವರೇ ಬಾಗಿಲಿಗೆ ಜೋತುಬೀಳುತ್ತಿರುತ್ತಾರೆ, ನಾವು ಒಳಗೆ ಕಿಟಕಿಯ ಪಕ್ಕ ಇರುತ್ತೇವೆ. ಇದಕ್ಕೆ ರಿಟರ್ನ್ ಬರುವುದು ಎನ್ನುತ್ತಾರೆ. ಡೋಂಬಿವಲಿಯ ಹೆಂಗಸರಿಗೆ ರಿಟರ್ನ್ ಬಂದವರನ್ನು ಕಂಡರೆ ಆಗುವುದಿಲ್ಲ. ಗಾಡಿ ನಿಲ್ಲುವ ಮೊದಲೇ ಹಾರಿ ಹತ್ತಿ ಅವರು ಸೀಟು ಹುಡುಕುವಷ್ಟರಲ್ಲಿ ನಾವು ಬ್ಯಾಗು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಬಂದವರಂತೆ ಕಣ್ಣು ಮುಚ್ಚಿರುತ್ತೇವೆ.

ನಾನು ಇದನ್ನು ಕಲಿತದ್ದು ಹೋದ ವರ್ಷ ಜೂನ್‌ನಲ್ಲಿ. ಡಿಗ್ರಿ ಮುಗಿಯುವವರೆಗೆ ವಿಜಯಪುರದಲ್ಲಿ ಅಜ್ಜಿಯ ಹತ್ತಿರ ಇದ್ದೆ. ಮುಗಿದ ಮೇಲೆ ಅಪ್ಪ ಅವ್ವ ಇರುವ ದಿವಾಕ್ಕೆ ಬಂದೆ. ಅಪ್ಪ ಕಾಮೋಠೆಯ ಕಡೆ ಕಟ್ಟುತ್ತಿರುವ ಬಿಲ್ಡಿಂಗುಗಳಲ್ಲಿ ನೆಲಕ್ಕೆ ಫರಸಿ ಹಾಕುವ ಕೆಲಸ ಮಾಡುತ್ತಾರೆ. ಅವ್ವ ಮೊದಲು ಅವರ ಜೊತೆಯೇ ಸಿಮೆಂಟು ಹೊರುತ್ತಿದ್ದಳು. ಮೊಣಕಾಲು ಹೋದ ಮೇಲೆ ಮನೆಯಲ್ಲಿದ್ದಾಳೆ. ನನಗೆ ಕೋಪರಖೈರಣೆಯ ಒಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಬಿಲ್ಲು ಮಾಡುವುದು, ಯಾವ ಲಾರಿ ಎಲ್ಲಿದೆ ಎಂದು ಬರೆದಿಡುವುದು, ಡ್ರೈವರುಗಳ ಫೋನು ಎತ್ತುವುದು. ಮೊದಲಿನ ಎರಡು ಬಂದವು. ಮೂರನೆಯದು ಬರಲಿಲ್ಲ.

ಹಿಂದಿ ನನಗೆ ತಿಳಿಯುತ್ತಿತ್ತು. ಬಾಯಿಂದ ಹೊರಗೆ ಮಾತ್ರ ಬರುತ್ತಿರಲಿಲ್ಲ. ಮರಾಠಿ ಅಷ್ಟೂ ಇಲ್ಲ. ಫೋನು ಬಡಿದುಕೊಂಡರೆ ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ನನ್ನಷ್ಟು ನೀರು ಕುಡಿದವರು ಆ ಆಫೀಸಿನಲ್ಲಿ ಯಾರೂ ಇರಲಿಲ್ಲ. ಆಗಸ್ಟ್ ಮುಗಿಯುವಾಗ ಸೇಠ್ ಕರೆದು, ದೀಪಾವಳಿಯವರೆಗೆ ನೋಡುತ್ತೇನೆ, ಆಮೇಲೆ ಫೋನ್ ಎತ್ತುವ ಹುಡುಗಿಯನ್ನು ತರುತ್ತೇನೆ ಎಂದರು. ಅವರು ಕೋಪದಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಒಂಬತ್ತನೆಯ ತರಗತಿಯಿಂದ ನಾನು ಡೈರಿ ಬರೆಯುತ್ತೇನೆ. ಅದರಲ್ಲಿ ಕವಿತ್ವ ಏನೂ ಇಲ್ಲ. ಸ್ಕೇಲಿನಿಂದ ಗೆರೆ ಎಳೆದ ಖಾನೆಗಳು: ಎದ್ದದ್ದು, ಮಲಗಿದ್ದು, ಓದಿದ್ದು, ತಿಂದದ್ದು. ದಿವಾಕ್ಕೆ ಬಂದ ಮೇಲೆ ಎರಡು ಖಾನೆ ಹೆಚ್ಚಾದವು. ಒಂದು, ಹೊಟ್ಟೆನೋವು ಇತ್ತೇ ಇಲ್ಲವೇ. ಇನ್ನೊಂದು, ಮನೆಯವರನ್ನು ಬಿಟ್ಟು ಯಾರ ಜೊತೆ ಮಾತಾಡಿದೆ. ಜೂನ್, ಜುಲೈ, ಆಗಸ್ಟ್ ತಿರುಗಿಸಿ ನೋಡಿದರೆ ಈ ಕೊನೆಯ ಖಾನೆಯಲ್ಲಿ ಬರೀ ಅಡ್ಡಗೆರೆಗಳಿವೆ. ಹೊಟ್ಟೆನೋವು ಭಾನುವಾರ ಸಂಜೆ ಶುರುವಾಗುತ್ತಿತ್ತು. ನಮ್ಮ ಗಲ್ಲಿಯ ಡಾಕ್ಟರು ಅಸಿಡಿಟಿ ಎಂದು ಗುಳಿಗೆ ಕೊಟ್ಟರು. ಮರುದಿನ ಸೋಮವಾರ ಎನ್ನುವುದು ಗುಳಿಗೆಗೆ ಹೇಗೆ ತಿಳಿಯಬೇಕು. ಒಂದು ಖೋಲಿಯಲ್ಲಿ ಮೂವರು, ಗಲ್ಲಿಯಲ್ಲಿ ಮೈಗೆ ಮೈ ತಾಗುವಷ್ಟು ಜನ, ಗಾಡಿಯಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಯ ಮೇಲೆ. ಇಷ್ಟರ ನಡುವೆ ದಿನಕ್ಕೊಬ್ಬರೂ ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಆ ಜಗಳವಾಯಿತು. ಲೇಡೀಸ್ ಡಬ್ಬಾದಲ್ಲಿ, ಎಂದರೆ ಹೆಂಗಸರ ಬೋಗಿಯಲ್ಲಿ, ಒಂದು ಪದ್ಧತಿ ಇದೆ. ನಿಂತವಳು ಕೂತವಳನ್ನು ಎಲ್ಲಿ ಇಳಿಯುತ್ತೀ ಎಂದು ಕೇಳುತ್ತಾಳೆ. ಕೂತವಳು ಹೇಳಿದರೆ, ಆಕೆ ಇಳಿದ ಮೇಲೆ ಆ ಸೀಟು ಕೇಳಿದವಳದ್ದು. ಮೊದಲು ಕೇಳಿದವಳಿಗೆ ಮಾತು ಕೊಟ್ಟಾಗಿದೆ ಎಂದು ಎರಡನೆಯವಳಿಗೆ ಹೇಳುವುದು ಕೂತವಳ ಜವಾಬ್ದಾರಿ. ನನಗೆ ಇದರ ಅರ್ಧ ಮಾತ್ರ ಗೊತ್ತಿತ್ತು. ಅಂದು ಒಬ್ಬಳು ಬಗ್ಗಿ "ಠಾಣೆ?" ಎಂದಳು. ನಾನು ತಲೆಯಾಡಿಸಿದೆ. ಮುಂಬ್ರಾದ ಹತ್ತಿರ ಇನ್ನೊಬ್ಬಳು ಕೇಳಿದಳು, ಅವಳಿಗೂ ತಲೆಯಾಡಿಸಿದೆ. ಕಳವಾದಲ್ಲಿ ಮೂರನೆಯವಳಿಗೂ. ಬಾಯಿ ತೆರೆಯದೆ ಮುಗಿಯುವ ಮಾತು ಅದೊಂದೇ ಆಗಿತ್ತು. ಠಾಣೆಯಲ್ಲಿ ನಾನು ಎದ್ದು ನಿಂತದ್ದೇ ಮೂವರೂ ಒಂದೇ ಸಲ ಕೂರಲು ಬಂದರು. ಅವರಲ್ಲಿ ಒಬ್ಬಳು ಆ ಡಬ್ಬಾದ ಯಜಮಾನಿಯಂಥವಳು. ದಾದರ್‌ವರೆಗೆ ಹೋಗುವ, ಐವತ್ತರ ಆಸುಪಾಸಿನ ಹೆಂಗಸು. ಎಲ್ಲರೂ ಆಕೆಯನ್ನು ತಾಈ ಎನ್ನುತ್ತಿದ್ದರು, ಮರಾಠಿಯಲ್ಲಿ ಅಕ್ಕ ಎಂದಂತೆ. ಮೂವರೂ ನನ್ನ ಕಡೆ ತಿರುಗಿ, ಯಾರಿಗೆ ಕೊಟ್ಟದ್ದು ಹೇಳು ಎಂದು ದಬಾಯಿಸಿದರು. ಹಿಂದಿನಿಂದ ಇಳಿಯುವವರು ನೂಕುತ್ತಿದ್ದರು. ನನ್ನ ಬಾಯಿಂದ ಬಂದದ್ದು "ಅಯ್ಯೋ ಯವ್ವಾ" ಎಂಬುದೊಂದೇ.

ಬಾಗಿಲ ಹತ್ತಿರ ಇಳಿಯಲು ನಿಂತಿದ್ದ ಒಬ್ಬ ಹೆಂಗಸು ತಿರುಗಿ ನೋಡಿ ಜೋರಾಗಿ ನಕ್ಕರು.

"ಎಂತ ಮಾರಾಯ್ತಿ, ಒಂದೇ ಸೀಟು ಮೂರು ಜನಕ್ಕೆ ಕೊಟ್ಟದ್ದಾ? ನೀನು ಎಂತ ಬಿಲ್ಡರಾ?"

ಆಮೇಲೆ ಅವರು ತಾಈಗೆ ಮರಾಠಿಯಲ್ಲಿ ಏನೋ ಹೇಳಿದರು. ತಾಈ ಕೂತಳು, ಉಳಿದಿಬ್ಬರು ಗೊಣಗಿದರು. ಆ ಹೆಂಗಸು ನನ್ನ ತೋಳು ಹಿಡಿದು ಪ್ಲಾಟ್‌ಫಾರ್ಮಿಗೆ ಇಳಿಸಿದರು. ಉಡುಪಿಯ ಕಡೆಯವರು, ಮದುವೆಯಾಗಿ ಡೋಂಬಿವಲಿಗೆ ಬಂದು ಇಪ್ಪತ್ತು ವರ್ಷವಾಯಿತಂತೆ, ವಾಶಿಯಲ್ಲಿ ಆಫೀಸು. ಠಾಣೆಯಲ್ಲಿ ಬದಲಿಸಿ ಹಿಡಿಯುವ ವಾಶಿಯ ಗಾಡಿಯೇ ನನ್ನದೂ ಎಂದು ತಿಳಿದು ಸೇತುವೆ ಹತ್ತಿ ಇಳಿಯುವಾಗಲೂ ಕೈ ಬಿಡಲಿಲ್ಲ. ಕೋಪರಖೈರಣೆ ಬರುವವರೆಗೆ ನಾನು ಮಾತಾಡುತ್ತಲೇ ಇದ್ದೆ. ಏನು ಮಾತಾಡಿದೆ ಎಂದು ಡೈರಿಯಲ್ಲಿಲ್ಲ. ಕೊನೆಯ ಖಾನೆಯಲ್ಲಿ "ಅಕ್ಕ" ಎಂದು ಬರೆದು ಸುತ್ತಲೂ ಗೆರೆ ಹಾಕಿದ್ದೇನೆ.

ಆ ಡಬ್ಬಾದಲ್ಲಿ ದಿನವೂ ಜೊತೆಯಾಗಿ ಹೋಗುವವರದ್ದೊಂದು ಗುಂಪಿತ್ತು, ಅಕ್ಕನೇ ನನ್ನನ್ನು ಅದಕ್ಕೆ ಸೇರಿಸಿದ್ದು. ಹದಿನಾಲ್ಕು ಹೆಂಗಸರು. ತಮ್ಮತಮ್ಮಲ್ಲೇ ಸೀಟು ಬದಲಾಯಿಸಿಕೊಳ್ಳುತ್ತಿದ್ದರು. ಡೋಂಬಿವಲಿಯಿಂದ ಕೂತವರು ಅರ್ಧ ದಾರಿಯಲ್ಲಿ ಎದ್ದು, ನಿಂತವರನ್ನು ಕೂರಿಸುವುದು. ಶುಕ್ರವಾರ ಒಬ್ಬೊಬ್ಬರು ತಿಂಡಿ ತರುವುದು. ನನ್ನನ್ನು ಅವರು "ದಿವಾ" ಎಂದೇ ಕರೆದರು. ರಿಟರ್ನ್ ಬರುವ ಕಳ್ಳಿಯೊಬ್ಬಳು ನಮ್ಮಲ್ಲೇ ಇದ್ದರೆ ಒಂದು ಸೀಟು ಗ್ಯಾರಂಟಿ ಎಂದು ತಾಈ ಎಲ್ಲರ ಮುಂದೆ ಹೇಳಿ ನಗಿಸಿದಳು. ನನಗೂ ನಗು ಬಂತು. ತಮಾಷೆ ಮಾಡಲಿಕ್ಕಾದರೂ ನಾನು ಒಬ್ಬರ ಕಣ್ಣಿಗೆ ಬಿದ್ದಿದ್ದೆ.

ಫೋನಿನ ವಿಷಯ ಗೊತ್ತಾದಾಗ ಅವರು ಅದನ್ನೊಂದು ಆಟ ಮಾಡಿದರು. ಅಕ್ಕ ಮೊಬೈಲು ಕಿವಿಗಿಟ್ಟುಕೊಂಡು ಡ್ರೈವರಾಗುತ್ತಿದ್ದರು: ಗಾಡಿ ಎಲ್ಲಿ ಹಚ್ಚಬೇಕು, ಗೇಟಿನಲ್ಲಿ ಬಿಡುತ್ತಿಲ್ಲ, ಪೇಪರು ಯಾರ ಹತ್ತಿರ ಇದೆ. ನಾನು ಹಿಂದಿಯಲ್ಲಿ ಉತ್ತರಿಸಬೇಕು. ತಪ್ಪಿದರೆ ಎದುರು ಸೀಟಿನವರು ತಿದ್ದುವರು. ಎಲ್ಲ ಕಡೆಯವರೂ ತಿದ್ದಿದ್ದರಿಂದ ನಾನು ಕಲಿತದ್ದು ಪುಸ್ತಕದ ಹಿಂದಿಯಲ್ಲ, ಲೇಡೀಸ್ ಡಬ್ಬಾದ ಹಿಂದಿ. ಅಕ್ಟೋಬರ್ ಮೊದಲ ವಾರ ಒಬ್ಬ ಡ್ರೈವರು ತಳೋಜಾದಿಂದ ಫೋನಿನಲ್ಲಿ ನನ್ನ ಮೇಲೆ ಕೂಗಾಡಿದ. ನಾನು ನೀರಿಗೆ ಹೋಗಲಿಲ್ಲ. ಸುಮ್ಮನೆ ಗೇಟಿನಿಂದ ಪಕ್ಕಕ್ಕೆ ಸರಿದು ನಿಲ್ಲು, ಹಿಂದಿನವರಿಗೆ ದಾರಿ ಬಿಡು, ಕೂಗಿದರೆ ನಿನ್ನ ಲೋಡು ಬೇಗ ಇಳಿಯುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಸೇಠ್ ಕ್ಯಾಬಿನ್ನಿನಿಂದ ಇಣುಕಿ ನೋಡಿ ಒಳಗೆ ಹೋದರು. ದೀಪಾವಳಿಗೆ ಕೆಲಸ ಪಕ್ಕಾ ಆಯಿತು. ಆ ತಿಂಗಳು ಹೊಟ್ಟೆನೋವಿನ ಖಾನೆಯಲ್ಲಿ ಒಂದೇ ಗುರುತು ಇದೆ, ಅದೂ ಶುಕ್ರವಾರದ್ದು. ಸಾಬುದಾಣಾ ವಡೆ ಹೆಚ್ಚಾಗಿತ್ತು.

ನವೆಂಬರಿನಲ್ಲಿ ಸೇಠ್ ನಮ್ಮನ್ನೆಲ್ಲ ವಾಶಿಯಲ್ಲಿ ಒಂದು ದಿನದ ತರಬೇತಿಗೆ ಕಳಿಸಿದರು. ಆತ್ಮವಿಶ್ವಾಸ ಒಳಗಿನಿಂದ ಬರಬೇಕು, ಯಾರ ಮೇಲೂ ಅವಲಂಬಿಸಬಾರದು, ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಿಮಗೆ ನೀವೇ ಹೇಳಿಕೊಳ್ಳಿ ಎಂದು ಅಲ್ಲಿನ ಮೇಷ್ಟ್ರು ಹೇಳಿದರು. ಪ್ರಶ್ನೆ ಇದೆಯೇ ಎಂದಾಗ ನಾನು ಎದ್ದೆ. ನಮ್ಮ ಮನೆಯ ಕನ್ನಡಿಯ ಮುಂದೆ ನಾನು ಮೂರು ತಿಂಗಳು ನಿಂತಿದ್ದೇನೆ, ಅದರಿಂದ ಒಂದು ಫೋನೂ ಎತ್ತಲಾಗಲಿಲ್ಲ, ನನಗೆ ಧೈರ್ಯ ಬಂದದ್ದು ಹೊರಗಿನಿಂದಲೇ, ಹದಿನಾಲ್ಕು ಜನರಿಂದ ಎಂದೆ. ಅವರು ನಕ್ಕು, ಆ ಹದಿನಾಲ್ಕು ಜನ ನಾಳೆ ಇಲ್ಲದಿದ್ದರೆ ಎಂದು ಕೇಳಿದರು. ಕೂತುಕೊಂಡೆ. ಆದರೆ ಆ ಪ್ರಶ್ನೆಯ ಮೇಲೆ ನನಗೆ ಸಿಟ್ಟು ಬಂದದ್ದು ಇನ್ನೂ ಇಳಿದಿಲ್ಲ.

ಗುಂಪಿನಲ್ಲಿ ಒಂದು ಕೆಲಸವನ್ನು ನಾನು ಇಷ್ಟು ಹೊತ್ತು ಹೇಳಲಿಲ್ಲ. ಕೋಪರ್ ಸ್ಟೇಷನ್ ದಾಟಿದ ಕೂಡಲೇ ನಾಲ್ವರು ಎದ್ದು ಬಾಗಿಲಿಗೆ ಹೋಗುತ್ತಿದ್ದರು. ಬ್ಯಾಗು ಎದೆಗೆ ಒತ್ತಿಕೊಂಡು, ಭುಜಕ್ಕೆ ಭುಜ ಕೊಟ್ಟು, ಹೊರಗೆ ಮುಖ ಮಾಡಿ ನಿಲ್ಲುತ್ತಿದ್ದರು. ಮುಂದಿನ ಸ್ಟೇಷನ್ ದಿವಾ. ಅಲ್ಲಿಯವರು ಒಳಗೆ ಬಾರದಂತೆ ತಡೆಯುವುದೇ ಕೆಲಸ. ಅದಕ್ಕೆ ಬಾಗಿಲ ಡ್ಯೂಟಿ ಎಂದು ಹೆಸರು. ಗಾಡಿ ನಿಲ್ಲುವುದು ಅರ್ಧ ನಿಮಿಷ. ಹೊರಗಿನವರು ಕೂಗಿ, ಬೈದು, ಒಂದಿಬ್ಬರು ಹೇಗೋ ತೂರಿಕೊಂಡು, ಉಳಿದವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯುವರು. ನಾನು ಆ ಅರ್ಧ ನಿಮಿಷ ಕಿಟಕಿಯಾಚೆಗಿನ ಇನ್ನೊಂದು ಹಳಿಯನ್ನು ನೋಡುತ್ತಿದ್ದೆ. ಯಾರು ಯಾವ ಶುಕ್ರವಾರ ತಿಂಡಿ ತರಬೇಕು, ಯಾರ ಡ್ಯೂಟಿ ಯಾವ ದಿನ ಎಂದು ಬರೆದು ಮೊಬೈಲಿನ ಗ್ರೂಪಿಗೆ ಹಾಕುತ್ತಿದ್ದವಳೂ ನಾನೇ. ನನ್ನಷ್ಟು ಚೊಕ್ಕವಾಗಿ ಯಾರಿಗೂ ಬರುತ್ತಿರಲಿಲ್ಲ.

ನಮ್ಮ ಗಲ್ಲಿಯಲ್ಲಿ ಎದುರು ಖೋಲಿಯವಳು ಕಲಬುರಗಿಯ ಕಡೆಯ ಹೆಂಗಸು. ನಾನು ಅವಳಿಗೆ ಚಿಗವ್ವ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಠಾಣೆಯ ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ನಸುಕಿನಲ್ಲಿ ನಲ್ಲಿಗೆ ನೀರು ಬರುವಾಗ ಅವಳೇ ತುಂಬಬೇಕು, ಮಕ್ಕಳ ಡಬ್ಬಿ ಕಟ್ಟಬೇಕು; ರಿಟರ್ನ್ ಬರುವಷ್ಟು ಹೊತ್ತು ಅವಳಿಗೆಲ್ಲಿ? ನಮ್ಮ ಮನೆಯಲ್ಲಿ ನೀರು ಅವ್ವ ತುಂಬುವುದರಿಂದ ನಾನು ಡೋಂಬಿವಲಿಗೆ ಹೋಗಿ ಬರಬಲ್ಲೆ. ಇಬ್ಬರ ನಡುವಿನ ವ್ಯತ್ಯಾಸ ಅಷ್ಟೇ. ಜನವರಿಯ ಒಂದು ಸಂಜೆ ಅವಳು ನಮ್ಮ ಹೊಸ್ತಿಲಲ್ಲಿ ಕೂತು, ಮುಂಗೈಯ ಗೀರು ತೋರಿಸಿದಳು. ಬಳೆ ಒಡೆದು ಚುಚ್ಚಿತ್ತು.

"ಏನ್ ಬೇ, ಈಗ ಡೋಂಬಿವಲಿಯಾಕಿ ಆಗೀಯಲ್ಲ. ನಿಮ್ಮ ಮಂದಿ ಇವತ್ತ ನನ್ನ ಕೈ ಬಾಗಲದಾಗ ಒತ್ತಿ ಹಿಡದ್ರು ನೋಡ. ನೀ ಒಳಗ ಕುಂತಿದ್ದಿ. ನಾ ನಿನ್ನ ನೋಡೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಚೇಷ್ಟೆಯೇ ಇತ್ತು. ಆಮೇಲೆ ಅವ್ವನಿಗೆ ಹೇಳಿದಳು: ಇನ್ನೊಮ್ಮೆ ತಡವಾದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತೇನೆ ಎಂದು ಆಸ್ಪತ್ರೆಯ ಮುಕಾದಮ ಹೇಳಿದ್ದಾನೆ.

ಫೆಬ್ರುವರಿ ಮೊದಲ ಶುಕ್ರವಾರ ತಾಈ ನನ್ನ ಪಟ್ಟಿಯನ್ನು ನೋಡಿ, ಇದರಲ್ಲಿ ನಿನ್ನ ಡ್ಯೂಟಿ ಎಲ್ಲಿದೆ ಎಂದು ಕೇಳಿದಳು. ಇಷ್ಟು ದಿನ ಚಿಕ್ಕವಳೆಂದು ಬಿಟ್ಟಿದ್ದೆವು, ಈಗ ನೀನು ಪೂರ್ತಿ ನಮ್ಮವಳು, ಮಂಗಳವಾರ ನಿನ್ನದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಲೆಕ್ಕದಲ್ಲಿ ಅದು ಮರ್ಯಾದೆ. ನನ್ನ ಬಾಯಿ ಮತ್ತೆ ಜೂನ್ ತಿಂಗಳಿನ ಬಾಯಿಯಾಯಿತು. ತಲೆಯಾಡಿಸಿದೆ.

ಸೋಮವಾರ ವಾಶಿಯ ಗಾಡಿಯಲ್ಲಿ ಅಕ್ಕನ ಹತ್ತಿರ ಇದನ್ನು ತೆಗೆದೆ. ಅವರು ತಾಈಯ ಕಡೆಯ ಮಾತನ್ನೂ ಹೇಳಿದರು. ಹಿಂದೆ ದಿವಾದಲ್ಲಿ ಜನ ಒಮ್ಮೆಲೇ ನುಗ್ಗಿದಾಗ ಗುಂಪಿನ ಒಬ್ಬಳು ಬಾಗಿಲಿನಿಂದ ಹೊರಗೆ ಬಿದ್ದು ಕಾಲು ಮುರಿದುಕೊಂಡಿದ್ದಳು. ಅವಳು ಕೆಲಸ ಬಿಟ್ಟಳು. ತಾಈ ಅವಳ ಕೈ ಹಿಡಿದಿದ್ದಳಂತೆ, ಹಿಡಿತ ತಪ್ಪಿತಂತೆ. ಬಾಗಿಲ ಡ್ಯೂಟಿ ಶುರುವಾದದ್ದು ಆಮೇಲೆ. ಅದನ್ನು ಕೇಳಿ ತಾಈಯನ್ನು ದ್ವೇಷಿಸುವ ಸುಲಭದ ದಾರಿಯೂ ನನಗೆ ಮುಚ್ಚಿತು. ನಾನೇನು ಮಾಡಬೇಕೆಂದು ಕೇಳಿದಾಗ ಅಕ್ಕ, "ನಿಂತ ಹಾಗೆ ಮಾಡು ಮಾರಾಯ್ತಿ, ತಡೀಲಿಕ್ಕೆ ನಾವು ಮೂರು ಜನ ಇದ್ದೇವಲ್ಲ" ಎಂದರು.

ಮಂಗಳವಾರ ಹಾಗೆಯೇ ನಿಂತೆ. ನನ್ನ ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ಇಬ್ಬರು. ದಿವಾದ ಪ್ಲಾಟ್‌ಫಾರ್ಮು ಹತ್ತಿರವಾಯಿತು. ಕಿಟಕಿಯೊಳಗಿನಿಂದ ನೋಡಿದರೆ ಅದು ಬರೀ ಗದ್ದಲ. ಬಾಗಿಲಿನಲ್ಲಿ ನಿಂತರೆ ಮುಖಗಳು. ಕಿರಾಣಿ ಅಂಗಡಿಯವನ ಹೆಂಡತಿ, ನರ್ಸಿಂಗ್ ಓದುವ ಹುಡುಗಿ, ಚಿಗವ್ವ. ಚಿಗವ್ವ ನನ್ನನ್ನು ನೋಡಿದಳು. ನನ್ನನ್ನು ಬೈಯಲಿಲ್ಲ, ಕರೆಯಲೂ ಇಲ್ಲ. ಪಕ್ಕದ ಬಾಗಿಲು ನೋಡೋಣವೆಂದು ತಿರುಗಿದಳು. ನಾನು ಅಡ್ಡ ನಿಂತರೆ ಒಳಗೆ ಬರುವುದು ಸಾಧ್ಯವಿಲ್ಲ ಎಂದು ಅವಳು ಆಗಲೇ ಒಪ್ಪಿಕೊಂಡುಬಿಟ್ಟಿದ್ದಳು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಭುಜ ಓರೆ ಮಾಡಿ, ಕೈ ಚಾಚಿ ಅವಳ ತೋಳು ಹಿಡಿದು ಎಳೆದುಕೊಂಡೆ.

ಅವಳ ಹಿಂದೆ ಏಳೆಂಟು ಜನ ನುಗ್ಗಿದರು. ಯಾರದೋ ಡಬ್ಬಿ ಬಿದ್ದು ಅವಲಕ್ಕಿ ಕಾಲಡಿಗೆ ಚೆಲ್ಲಿತು. ಒಬ್ಬಳ ಚಪ್ಪಲಿ ಹೊರಗುಳಿಯಿತು. ಯಾರೂ ಬೀಳಲಿಲ್ಲ, ನಾನು ಕಂಬಿ ಹಿಡಿದು ಇನ್ನೊಂದು ಕೈಯಿಂದ ಚಿಗವ್ವನನ್ನು ಹಿಡಿದಿದ್ದೆ. ಗಾಡಿ ಮುಂಬ್ರಾ ದಾಟುವವರೆಗೆ ಬೈಗುಳ ನಡೆಯಿತು. ತಾಈ ಮಾತ್ರ ಬೈಯಲಿಲ್ಲ. ಜನರ ತಲೆಗಳ ಮೇಲಿಂದ ನನ್ನನ್ನೇ ನೋಡಿ ಹಿಂದಿಯಲ್ಲಿ ಕೇಳಿದಳು:

"ತೂ ಕಿಸ್ಕೀ ತರಫ್ ಹೈ?"

ಯಾರ ಕಡೆಯವಳು ನೀನು. ಠಾಣೆ ಬಂತು, ಇಳಿದೆ.

ಮಧ್ಯಾಹ್ನದೊಳಗೆ ನನ್ನನ್ನು ಮೊಬೈಲಿನ ಗ್ರೂಪಿನಿಂದ ತೆಗೆದಿದ್ದರು. ಬುಧವಾರ ಡೋಂಬಿವಲಿಯಲ್ಲಿ ಹತ್ತಿದವರು ನನ್ನ ಪಕ್ಕ ಕೂರದೆ ಮುಂದೆ ಹೋದರು. ಠಾಣೆಯಲ್ಲಿ ನಾನು ಎದ್ದಾಗ ನನ್ನ ಸೀಟಿಗೆ ಗುಂಪಿನ ಯಾರೂ ಬರಲಿಲ್ಲ. ಬೆಳಗಿನ ಗಾಡಿಯಲ್ಲಿ ಸೀಟು ಖಾಲಿ ಬಿಡುವುದೆಂದರೆ ಎಷ್ಟು ದೊಡ್ಡ ಮಾತು ಎಂದು ಈ ಲೈನಿನಲ್ಲಿ ಓಡಾಡಿದವರಿಗೆ ಗೊತ್ತು. ಮೂರು ಹೆಂಗಸರು ಒಮ್ಮೆ ಜಗಳವಾಡಿದ್ದ ಆ ಸೀಟಿನಲ್ಲಿ ಯಾರೋ ಅಪರಿಚಿತ ಹುಡುಗಿ ಆರಾಮಾಗಿ ಕೂತಳು.

ಅಕ್ಕನ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ಮೊದಲ ಗಾಡಿಯಲ್ಲಿ ಅವರೂ ನನ್ನನ್ನು ನೋಡಲಿಲ್ಲ. ಠಾಣೆಯಲ್ಲಿ ಸೇತುವೆ ಇಳಿದು ವಾಶಿಯ ಗಾಡಿಯಲ್ಲಿ ಕೂತ ಮೇಲೆ ಎಂದಿನಂತೆ ಪಕ್ಕದಲ್ಲಿ ಜಾಗ ಹಿಡಿದು ಕರೆದರು. ನಾನು ನಿಂತೇ ಇದ್ದೆ.

"ಇಲ್ಲಿ ನೀವು ಅಕ್ಕ. ಅಲ್ಲಿ ಯಾರು?"

ಅವರು ನನಗಾಗಿ ಹಿಡಿದ ಜಾಗದಿಂದ ಬ್ಯಾಗು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ನಂಗೆ ಅವರೊಟ್ಟಿಗೆ ಹನ್ನೆರಡು ವರ್ಷದ ಹೋಗೋದು ಬರೋದು. ಅತ್ತೆ ತೀರಿಕೊಂಡಾಗ ಗಂಡನಿಗಿಂತ ಮೊದಲು ಬಂದದ್ದು ತಾಈ. ನಿಂಗೆ ಹೇಳಿದರೆ ಗೊತ್ತಾಗ್ತದಾ ಇಲ್ವಾ ಗೊತ್ತಿಲ್ಲ."

ಗೊತ್ತಾಗುತ್ತಿತ್ತು. ನನಗೆ ಐದೇ ತಿಂಗಳಿನದು ಇಷ್ಟು ಉರಿಯುತ್ತಿದ್ದರೆ ಅವರಿಗೆ ಹನ್ನೆರಡು ವರ್ಷದ್ದು. ಆದರೂ ಕೂರಲಿಲ್ಲ.

ಮನೆಯಲ್ಲಿ ಅವ್ವ, ಹೋಗಿ ಕೈ ಮುಗಿದು ತಪ್ಪಾಯಿತು ಅನ್ನು ಎಂದಳು. ಅಪ್ಪ, ಅದೇ ಹೊತ್ತಿಗೆ ಬೇರೆ ಡಬ್ಬಾ ಹತ್ತು, ಡಬ್ಬಾಕ್ಕೇನು ಬರವೇ ಎಂದರು. ಚಿಗವ್ವ ಬಾಗಿಲಿಗೆ ಬಂದು, ತನ್ನ ಸಲುವಾಗಿ ನಾನು ಕೆಟ್ಟವಳಾದೆ ಎಂದು ಕಣ್ಣೊರೆಸಿಕೊಂಡಳು. ಅವಳಿಗೆ ಸಮಾಧಾನ ಹೇಳುವ ಕೆಲಸವೂ ನನ್ನದೇ ಆಯಿತು. ಭಾನುವಾರ ಸಂಜೆ ಹೊಟ್ಟೆನೋವು ಬಂತು. ಆ ಹಳೆಯ ಜಾಗದಲ್ಲೇ, ಹಳೆಯ ಹೊತ್ತಿಗೇ. ಆ ರಾತ್ರಿ ನನಗೆ ನಿಜವಾಗಿ ಹೆದರಿಕೆಯಾಯಿತು. ನಾಳೆ ಆಫೀಸಿನಲ್ಲಿ ಫೋನು ಬಡಿದುಕೊಂಡಾಗ ಎದ್ದು ನೀರಿಗೆ ಹೋದರೆ? ಆ ತರಬೇತಿಯವರು ಕೇಳಿದ್ದು ಇದನ್ನೇ. ಹದಿನಾಲ್ಕು ಜನ ಇಲ್ಲದಿದ್ದರೆ.

ಸೋಮವಾರ ಮೊದಲ ಫೋನು ಬಂದಾಗ ಎತ್ತಿದೆ. ಎರಡನೆಯದನ್ನೂ ಎತ್ತಿದೆ. ಮೂರನೆಯವನು ಕೂಗಾಡಿದ, ನಾನೂ ಕೂಗಿದೆ. ಕೂಗುವಾಗ ಬಾಯಲ್ಲಿ ಬಂದದ್ದು ತಾಈಯ ಮಾತು, ಅವಳದೇ ರಾಗ. ಗುಂಪಿನಿಂದ ಹೆಸರು ತೆಗೆಯಬಹುದು. ಕಲಿಸಿಕೊಟ್ಟ ಮಾತನ್ನು ನನ್ನ ಬಾಯಿಂದ ತೆಗೆಯಲು ಅವರಿಗೆ ಬರುವುದಿಲ್ಲ. ಆದರೆ ಹೊಟ್ಟೆನೋವು ಹೋಗಿರಲಿಲ್ಲ. ಮಾತು ಉಳಿದರೆ ಸಾಕು, ಜನ ಬೇಡ ಎಂದು ನಾನು ಸುಳ್ಳು ಹೇಳಿಕೊಳ್ಳಲು ಸಿದ್ಧಳಿರಲಿಲ್ಲ. ನನಗೆ ಎರಡೂ ಬೇಕಾಗಿತ್ತು. ಬೇರೆ ಡಬ್ಬಾ ಬೇಡ, ತಪ್ಪಾಯಿತು ಎನ್ನುವುದೂ ಬೇಡ. ಅದೇ ಡಬ್ಬಾ, ಅದೇ ಹೆಂಗಸರು, ದಿವಾದ ಬಾಗಿಲು ತೆರೆದು.

ಮರುದಿನ ಮಂಗಳವಾರ. ಪಟ್ಟಿಯಲ್ಲಿ ನಾನು ಇರಲಿಲ್ಲ, ಪಟ್ಟಿಯೇ ಈಗ ಬೇರೆಯವರ ಕೈಯಲ್ಲಿತ್ತು. ಕೋಪರ್ ದಾಟಿದಾಗ ಕಿಟಕಿಯ ಪಕ್ಕದ ಸೀಟು ಬಿಟ್ಟು ಎದ್ದೆ. ಬಾಗಿಲಲ್ಲಿ ತಾಈಯೇ ನಿಂತಿದ್ದಳು, ನನ್ನ ಬದಲಿಗೆ. ಕೈ ಅಡ್ಡ ಹಿಡಿದು, ಹೋಗಿ ಕೂತುಕೋ ಎಂದಳು.

ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ, ತಪ್ಪಿದ ಕಡೆ ತಪ್ಪಾಗಿಯೇ, ನಾನು ಹೇಳಿದೆ. ನೀವು ಬಿದ್ದವಳ ಕೈ ಹಿಡಿದಿದ್ದಿರಿ ಎಂದು ನನಗೆ ಗೊತ್ತು. ನಾವು ಬಾಗಿಲು ಮುಚ್ಚುವುದರಿಂದಲೇ ಅವರು ನುಗ್ಗುತ್ತಾರೆ. ಅರ್ಧ ನಿಮಿಷದಲ್ಲಿ ಹತ್ತಬೇಕಾದವರು ಮತ್ತೇನು ಮಾಡಬೇಕು? ಹಿಂದೆ ತಿರುಗಿ ನೋಡಿ, ಸೀಟುಗಳ ನಡುವೆ ನಿಲ್ಲಲು ಜಾಗ ಖಾಲಿ ಇದೆ, ನಾವೆಲ್ಲ ಬಾಗಿಲಲ್ಲೇ ಒತ್ತಿಕೊಂಡಿದ್ದೇವೆ. ತಾಈ ತಿರುಗಿ ನೋಡಲಿಲ್ಲ. ಬೇರೆ ಡಬ್ಬಾಕ್ಕೆ ಹೋಗು, ಅಲ್ಲಿ ನಿನ್ನ ದಿವಾದವರನ್ನು ಕಟ್ಟಿಕೋ ಎಂದಳು.

"ನಹೀ ಜಾತೀ, ತಾಈ," ಎಂದೆ. "ದರ್ವಾಜಾ ಭೀ ಖೋಲೂಂಗೀ, ಆಪ್ ಲೋಗೋಂಕೋ ಭೀ ನಹೀ ಛೋಡೂಂಗೀ."

ಬಾಗಿಲನ್ನೂ ತೆರೆಯುತ್ತೇನೆ, ನಿಮ್ಮನ್ನೂ ಬಿಡುವುದಿಲ್ಲ. ಹಿಂದಿ ಸರಿಯಿತ್ತೋ ಇಲ್ಲವೋ, ಯಾರೂ ತಿದ್ದಲಿಲ್ಲ.

ಆಮೇಲೆ ಒಳಗಿನವರ ಕಡೆ ತಿರುಗಿ, ದಿವಾ ಬಂತು, ಒಳಗೆ ಸರಿಯಿರಿ, ಬಾಗಿಲು ಬಿಡಿ ಎಂದು ಬರುವ ಮೂರೂ ಭಾಷೆಯಲ್ಲಿ ಕೂಗಿದೆ. ಈ ವಾರ ಡ್ಯೂಟಿ ಇಲ್ಲದೆ ಮೂರನೆಯ ಸಾಲಿನಲ್ಲಿ ಕೂತಿದ್ದ ಅಕ್ಕ ಎದ್ದರು. ಠಾಣೆಯವರೆಗೆ ಕೂರಬಹುದಾಗಿದ್ದ ಸೀಟು ಬಿಟ್ಟು, ಬಾಗಿಲ ಹತ್ತಿರ ನಿಂತಿದ್ದ ಇಬ್ಬರನ್ನು ಕೈಹಿಡಿದು ಸೀಟುಗಳ ನಡುವೆ ಎಳೆದುಕೊಂಡು, "ಬನ್ನಿ ಬನ್ನಿ, ಇಲ್ಲಿ ಗಾಳಿಯೂ ಉಂಟು" ಎಂದು ಕನ್ನಡದಲ್ಲೇ ಹೇಳಿದರು. ಆ ಇಬ್ಬರಲ್ಲಿ ಯಾರಿಗೂ ಕನ್ನಡ ಬಾರದು. ಬಂದರು.

ಗಾಡಿ ನಿಂತಿತು. ನಾನು ಕಂಬಿಗೆ ಅಂಟಿಕೊಂಡು ಪಕ್ಕಕ್ಕೆ ಸರಿದೆ. ತಾಈ ತನ್ನ ಜಾಗ ಬಿಡಲಿಲ್ಲ, ಬಾಗಿಲ ಅರ್ಧ ಹಾಗೆಯೇ ಮುಚ್ಚಿತ್ತು. ಇನ್ನರ್ಧದಿಂದ ಒಬ್ಬೊಬ್ಬರಾಗಿ ಆರು ಜನ ಬಂದರು. ನುಗ್ಗಲಿಲ್ಲ, ದಾರಿ ಇದ್ದಾಗ ನುಗ್ಗುವ ಮೋಜು ಯಾರಿಗಿದೆ. ಕೊನೆಯವಳಾಗಿ ಚಿಗವ್ವ ಬಂದು ತಾಈಯ ಎದುರೇ ಸಿಕ್ಕಿಕೊಂಡಳು, ಇಬ್ಬರ ಮೂಗಿಗೂ ಗೇಣು ಅಂತರ. ಗಾಡಿ ಜಗ್ಗಿ ಹೊರಟಾಗ ಚಿಗವ್ವ ವಾಲಿದಳು. ತಾಈಯ ಕೈ ತಾನಾಗಿಯೇ ಹೋಗಿ ಅವಳ ರಟ್ಟೆ ಹಿಡಿಯಿತು. ಬಿಗಿಯಾಗಿ ಹಿಡಿದಿದ್ದಳು, ಬೆರಳುಗಳು ಬೆಳ್ಳಗಾಗುವಷ್ಟು. ಕಳವಾ ಬರುವವರೆಗೆ ಬಿಡಲಿಲ್ಲ. ಮುಖ ಮಾತ್ರ ಹೊರಗೆ ಖಾಡಿಯ ನೀರಿನ ಕಡೆ ಇತ್ತು.

ಅದಾಗಿ ಈಗ ಎರಡು ತಿಂಗಳು. ಎಲ್ಲ ಸರಿಹೋಯಿತು ಎಂದು ಬರೆದರೆ ನನ್ನ ಡೈರಿಯೇ ನನ್ನನ್ನು ನೋಡಿ ನಗುತ್ತದೆ. ಗುಂಪಿನ ಐವರು ನನ್ನ ಜೊತೆ ಮಾತಾಡುತ್ತಾರೆ, ನಾಲ್ವರು ಮುಖ ತಿರುಗಿಸುತ್ತಾರೆ, ಉಳಿದವರು ತಾಈ ನೋಡದಿದ್ದಾಗ ನಗುತ್ತಾರೆ. ಬಾಗಿಲ ಡ್ಯೂಟಿ ಸೋಮವಾರ, ಗುರುವಾರ ಇನ್ನೂ ನಡೆಯುತ್ತದೆ. ಮಂಗಳವಾರ ನಡೆಯುವುದಿಲ್ಲ, ಬುಧವಾರ ಮತ್ತು ಶುಕ್ರವಾರ ಅರ್ಧ ನಡೆಯುತ್ತದೆ. ಚಿಗವ್ವನ ಕೆಲಸ ಇನ್ನೂ ಇದೆ. ಭಾನುವಾರದ ಹೊಟ್ಟೆನೋವು ಮೂರು ವಾರದಿಂದ ಇಲ್ಲ.

ಮೊಬೈಲಿನ ಗ್ರೂಪಿಗೆ ನನ್ನನ್ನು ಮರಳಿ ಸೇರಿಸಿಲ್ಲ. ತಾಈ ನನ್ನ ಜೊತೆ ಮಾತಾಡುವುದಿಲ್ಲ. ಡೋಂಬಿವಲಿಯಲ್ಲಿ ಅವಳು ಹತ್ತಿದ ಕೂಡಲೇ ನಾನು ದಿನವೂ ದೊಡ್ಡದಾಗಿ ನಮಸ್ಕಾರ ತಾಈ ಎನ್ನುತ್ತೇನೆ, ಡಬ್ಬಾದ ಆ ತುದಿಗೂ ಕೇಳುವಂತೆ. ಅವಳು ಕೇಳದವಳಂತೆ ಹೋಗಿ ಕೂರುತ್ತಾಳೆ. ನಿವೃತ್ತಿಗೆ ಅವಳಿಗೆ ಇನ್ನೂ ಏಳೆಂಟು ವರ್ಷವಿದೆ ಎಂದು ಅಕ್ಕ ಹೇಳುತ್ತಾರೆ. ಅಷ್ಟು ವರ್ಷವೂ ನಾನು ಈ ಗಾಡಿಯನ್ನೇ ಹತ್ತುತ್ತೇನೆ.